ಮೂರನೆಯ ಬಟ್ಟಲು

ದೆಸ್ಸಿಯ ಗುಡ್ಡದ ಮೇಲೆ ನಮ್ಮದು ತಗಡಿನ ಸಾಲು.
ಒಂದು ಮನೆ ಕೆಮ್ಮಿದರೆ ಮೂರು ಮನೆಗೆ ಎಚ್ಚರ.
ಹಾಗಾಗಿ ನಾನು ಮಲಗುತ್ತಿಲ್ಲವೆಂಬುದು
ಗೋಡೆಯಾಚೆಯ ಅಸ್ನಾಕೆಚ್‌ಗೆ ಎಂದೋ ಗೊತ್ತಿತ್ತು.

ಮೂವತ್ತೊಂಬತ್ತು ರಾತ್ರಿ.
ಲಾರಿಗೆ ಹೊಸ ಗಾಜು ಬಂತು, ಬಣ್ಣ ಬಂತು,
ಕೀಲಿ ಮಾತ್ರ ಮೊಳೆಯಲ್ಲೇ ತೂಗುತ್ತಿದೆ.
ನಾನು ಚಾಪೆಯ ಮೇಲೆ. ತಲೆಯೊಳಗೆ
ಇಳಿಜಾರಿನ ಗೇರಿನಲ್ಲಿ ಗುರುಗುಟ್ಟುವ ಎಂಜಿನ್ನು.
ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತೇನೆ, ಇಲ್ಲವೆನ್ನುವುದಿಲ್ಲ.
ಗುಳಿಗೆ ಎಂಜಿನ್ನನ್ನು ಆರಿಸುತ್ತದೆ,
ಹೆಡ್‌ಲೈಟು ಉರಿಯುತ್ತಲೇ ಇರುತ್ತದೆ.

ಆಕೆ ಬಾಗಿಲು ತಟ್ಟಲಿಲ್ಲ. ಮೊಮ್ಮಗಳನ್ನು ಕಳಿಸಿದಳು.
"ಅಡ್ಮಾಸು ಮಾಮ, ಕಾಫಿಗೆ ಬರಬೇಕಂತೆ."
ಬೇಡ ಅಂದೆ.
ಮಗು ಹೋಗಿ, ಮರಳಿ ಬಂದು, ಪಾಠ ಒಪ್ಪಿಸಿತು:
"ಕುಡಿಯದಿದ್ದರೆ ಬೇಡವಂತೆ.
ಇದ್ದಿಲು ಊದುವವರಿಲ್ಲವಂತೆ."

ಊದಿದೆ.

ನೆಲದ ತುಂಬ ಹಸಿಹುಲ್ಲು,
ಹೊಳೆದಂಡೆಯನ್ನೇ ಸುರುಳಿ ಸುತ್ತಿ ತಂದು ಹಾಸಿದ ಹಾಗೆ.
ದರ್ಜಿ ಸೈಯಿದ್, ಶಾಲೆಯ ಗಂಟೆ ಹೊಡೆಯುವ ಶಿಫೆರಾವ್,
ಇಬ್ಬರ ದೇವರು ಬೇರೆ, ಸಕ್ಕರೆ ಒಂದೇ ಡಬ್ಬಿಯದು.
ಆಕೆ ಬೀಜ ತೊಳೆದಳು, ಹುರಿದಳು.
ಅವಸರವೆಂಬುದು ಆ ಕೈಗೆ ಯಾರೂ ಕಲಿಸಿಲ್ಲ.
ಬೀಜ ಸಿಡಿದು ಎಣ್ಣೆ ಬೆವರಿದಾಗ
ಬಾಣಲೆಯನ್ನೇ ಎತ್ತಿ ಒಬ್ಬೊಬ್ಬರ ಮುಖದೆದುರು ತಂದಳು.
ಹೊಗೆಯನ್ನು ಅಂಗೈಯಲ್ಲಿ ಎಳೆದುಕೊಂಡೆವು,
ದೀಪದ ಬಿಸಿಯನ್ನು ಕಣ್ಣಿಗೊತ್ತಿಕೊಳ್ಳುವಂತೆ.

ಮೊದಲ ಬಟ್ಟಲು ಅಬೋಲ್. ಕಡುಗಪ್ಪು.
ಅದರ ಸುತ್ತ ಈರುಳ್ಳಿ ದರ, ಬಾರದ ನಲ್ಲಿ ನೀರು, ಯಾರದೋ ಸೊಸೆ.
ಎರಡನೆಯದು ತೋನಾ. ಅದೇ ಗಸಿಗೆ ಮತ್ತೆ ನೀರು.
ಸೈಯಿದ್ ಮಂಡಿನೋವು ಹೇಳಿಕೊಂಡ,
ಶಿಫೆರಾವ್ ಮಗನ ಸಾಲ.
ಯಾರೂ ಯಾರಿಗೂ ಮದ್ದು ಹೇಳಲಿಲ್ಲ.
ನಾನು ಎದ್ದೆ.
"ಕೂತುಕೋ," ಅಂದಳು, ತಲೆಯೆತ್ತದೆ,
"ಮೂರನೆಯದನ್ನು ಬಿಟ್ಟು ಎದ್ದವನು
ಹಿರಿಯರ ಹರಕೆಯನ್ನು ಹೊಸ್ತಿಲಲ್ಲೇ ಬಿಟ್ಟ ಹಾಗೆ."

ಮೂರನೆಯದು ಬರಕಾ. ನೀರೆಂದರೆ ನೀರು.
ಅದೇ ಪುಡಿ ಮೂರು ಸಲ ಬೆಂದು, ಕೊಡುವುದನ್ನೆಲ್ಲ ಕೊಟ್ಟು,
ಉಳಿದದ್ದು ಒಂದಿಷ್ಟು ಬಿಸಿ, ಒಂದಿಷ್ಟು ಬಣ್ಣ.
ಅದರಲ್ಲೊಂದು ತೇನಾ ಆದಾಮ್ ಕುಡಿ ಅದ್ದಿದಳು.
ಆದಾಮನ ಆರೋಗ್ಯ ಎಂದು ಆ ಸೊಪ್ಪಿನ ಹೆಸರು.
ಮೊದಲ ಮನುಷ್ಯನಿಗೇ ಮೈ ನೆಟ್ಟಗಿರಲಿಲ್ಲವೇನೋ.

"ಯಿಮಾಮ್ ಕಾಫಿ ಕೇಳಿದ್ದ," ಅಂದೆ.
ಯಾರು ಆಡಿಸಿದರೋ ತಿಳಿಯದು.
"ಮಿಲ್ಲೆ ದಾಟಿದ ಮೇಲೆ. ರಸ್ತೆಬದಿಯಲ್ಲಿ
ಒಬ್ಬಳು ಒಲೆ ಹೊತ್ತಿಸಿಕೊಂಡು ಕೂತಿದ್ದಳು.
ಗಲಾಫಿಯಲ್ಲಿ ಕುಡಿಯೋಣ, ಈಗ ನಿಲ್ಲಿಸುವುದಿಲ್ಲ ಅಂದೆ.
ಹತ್ತೊಂಬತ್ತು ವರ್ಷದ ಕ್ಲೀನರ್ ಹುಡುಗ.
ಟೈರು ಸಿಡಿದದ್ದು ಅಲ್ಲಿಂದ ನಾಲ್ಕೇ ಕಿಲೋಮೀಟರಿಗೆ."

ನಿನ್ನ ತಪ್ಪಲ್ಲ ಎಂದು ಯಾರೂ ಅನ್ನಲಿಲ್ಲ.
ಅಂದಿದ್ದರೆ ಎದ್ದು ಹೋಗುತ್ತಿದ್ದೆ.
ಸೈಯಿದ್ ಒಂದು ಹುಲ್ಲೆಸಳನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಸುತ್ತಿದ.
ಅಸ್ನಾಕೆಚ್ ಇನ್ನೊಂದು ಬಟ್ಟಲು ತೊಳೆದು, ತುಂಬಿ,
ಯಾರೂ ಕೂರದ ಮೂಲೆಯಲ್ಲಿಟ್ಟಳು.
"ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದ?"
"ಮೂರು ಚಮಚ."
"ಹುಚ್ಚು ಹುಡುಗ," ಅಂದಳು.
ಮೂರನ್ನೂ ಹಾಕಿದಳು. ಕಲಕಿದಳು.

ಮೆಲ್ಲಮೆಲ್ಲಗೆ ಮೊಟ್ಟೆಯೂ ಕಾಲೂರಿ ನಡೆಯುತ್ತದೆ,
ನಮ್ಮ ಕಡೆಯ ಗಾದೆ. ಹೊರಡುವಾಗ ಶಿಫೆರಾವ್ ಅದನ್ನೇ ಅಂದ,
ನನಗೋ, ತನ್ನ ಸಾಲಕ್ಕೋ.

ಆ ರಾತ್ರಿ ನಿದ್ದೆ ಬಂತೆಂದು ಸುಳ್ಳು ಹೇಳಲಾರೆ.
ಹಸಿವಾಯಿತು.
ನಸುಕಿನಲ್ಲಿ ತಂಗಳು ಇಂಜೆರಾ ನಿಂತೇ ತಿಂದೆ,
ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ಮಸಿ.
ಕೀಲಿ ಇನ್ನೂ ಮೊಳೆಯಲ್ಲೇ ಇದೆ.
ಗೋಡೆಯಾಚೆ ಕೆಮ್ಮು, ಆಮೇಲೆ ಮಗುವಿನ ದನಿ:
ನಾಳೆಯೂ ಇದ್ದಿಲು ನನ್ನ ಪಾಲಿಗೇ ಅಂತೆ.